ಆರು ಸೆಂಟಿಮೀಟರ್

ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಕಪಾಟಿನಲ್ಲಿ ಇನ್ನೂರಕ್ಕೂ ಹೆಚ್ಚು ರೆಕಾರ್ಡ್ ಪುಸ್ತಕಗಳಿವೆ. ಒಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಎಳೆದು ಹನ್ನೊಂದನೆಯ ಪ್ರಯೋಗದ ಪುಟ ತೆಗೆಯಿರಿ. ಕೊನೆಯ ಸಾಲಿನಲ್ಲಿ, ಅಡಗಿರುವ ವಸ್ತು ದುಂಡಗಿದೆ, ತ್ರಿಜ್ಯ ಆರು ಸೆಂಟಿಮೀಟರ್ ಎಂದು ಬರೆದಿರುತ್ತದೆ. ಅದರ ಕೆಳಗೆ ವಿಶ್ವನಾಥ ಸರ್ ಅವರ ಹಸಿರು ಶಾಯಿಯ ಸಹಿ. ಅಷ್ಟೂ ಪುಸ್ತಕಗಳಲ್ಲಿ ಆ ಸಾಲು ಸುಳ್ಳು. ಅದು ಸುಳ್ಳೆಂದು ಗೊತ್ತಿದ್ದವನು ಇಡೀ ಹೊನ್ನಾವರದಲ್ಲಿ ನಾನೊಬ್ಬನೇ.

ನಾನು ಮಾಬ್ಲೇಶ್ವರ. ಈ ಲ್ಯಾಬಿನ ಅಟೆಂಡರ್. ಇಪ್ಪತ್ತಾರು ವರ್ಷದಿಂದ ಇಲ್ಲಿ ಲೆನ್ಸು ಒರೆಸುತ್ತಿದ್ದೇನೆ, ತಂತಿ ಬೆಸೆಯುತ್ತಿದ್ದೇನೆ, ಲೆಕ್ಚರರುಗಳು ಸುಟ್ಟುಹಾಕಿದ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದೇನೆ. ಹುಡುಗರು ನನ್ನನ್ನು ಮಾಬ್ಲಣ್ಣ ಎನ್ನುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಮನೆಯಲ್ಲೂ ಗೊತ್ತು, ಕಾಲೇಜಿನಲ್ಲೂ ಗೊತ್ತು. ಇರಲಿ. ಸಿಟ್ಟು ಬರುವಂಥದ್ದನ್ನು ನೋಡಿದರೆ ಸಿಟ್ಟು ಬರಬೇಕು. ಬರದವರನ್ನು ಕಂಡರೆ ನನಗೆ ಇನ್ನೂ ಸಿಟ್ಟು.

ಹನ್ನೊಂದನೆಯ ಪ್ರಯೋಗವನ್ನು ಶುರುಮಾಡಿದವರು ಗಂಗಾ ಮೇಡಂ. ಈಗ ನಿವೃತ್ತರಾಗಿ ಭಟ್ಕಳದ ಮನೆಯಲ್ಲಿದ್ದಾರೆ. ಅವರು ನನ್ನ ಕೈಯಿಂದಲೇ ಒಂದು ಪೆಟ್ಟಿಗೆ ಮಾಡಿಸಿದರು. ಕೆಳಗೊಂದು ಹಲಗೆ, ಎರಡು ಬೆರಳು ಎತ್ತರದಲ್ಲಿ ಮೇಲೊಂದು ಹಲಗೆ, ನಾಲ್ಕು ಮೂಲೆಗೆ ಸ್ಕ್ರೂ. ನಡುವೆ ಮರದ ಒಂದು ಬಿಲ್ಲೆ. ಒಳಗೆ ಯಾರೂ ಇಣುಕಬಾರದೆಂದು ಸುತ್ತಲೂ ಕಪ್ಪು ನೂಲಿನ ಕುಚ್ಚು ಇಳಿಬಿಟ್ಟಿದ್ದೆ. ಮೇಜಿನ ಮೇಲೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಬೇಕು. ಪುಟ್ಟ ಜಾರುಬಂಡಿಯಿಂದ ಉಕ್ಕಿನ ಗುಂಡನ್ನು ಬಿಡಬೇಕು. ಗುಂಡು ಕುಚ್ಚಿನೊಳಗೆ ನುಗ್ಗಿ, ಬಿಲ್ಲೆಗೆ ತಗುಲಿದರೆ ತಿರುಗಿ, ತಗುಲದಿದ್ದರೆ ಸೀದಾ ಹೊರಬರುತ್ತದೆ. ಪುಡಿಯಲ್ಲಿ ಅದರ ಗೆರೆ ಮೂಡುತ್ತದೆ. ಜಾರುಬಂಡಿಯನ್ನು ಅರ್ಧರ್ಧ ಸೆಂಟಿಮೀಟರ್ ಸರಿಸುತ್ತಾ ಮತ್ತೆ ಮತ್ತೆ ಬಿಡಬೇಕು. ಎಲ್ಲಿಂದ ಎಲ್ಲಿಯವರೆಗೆ ಬಿಟ್ಟ ಗುಂಡುಗಳು ತಿರುಗಿದವು ಎಂದು ನೋಡಿದರೆ ಒಳಗಿನದರ ಅಗಲ ತಿಳಿಯುತ್ತದೆ. ಎಂಥ ಕೋನದಲ್ಲಿ ತಿರುಗಿದವು ಎಂದು ನೋಡಿದರೆ ಆಕಾರವೂ ತಿಳಿಯುತ್ತದೆ. ಮುಚ್ಚಳ ಮಾತ್ರ ಎತ್ತುವ ಹಾಗಿಲ್ಲ.

ಮುಚ್ಚಳ ಯಾಕೆ ಎತ್ತಬಾರದು ಎಂದು ಆಗ ಕೇಳಿದ್ದೆ. ಎತ್ತುವ ಸುಖ ಭೌತವಿಜ್ಞಾನಿಗಳಿಗೆ ಇಲ್ಲವಲ್ಲ ಎಂದಿದ್ದರು ಮೇಡಂ. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸನ್ನು ಇವತ್ತಿನವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ಚಿನ್ನದ ಒಂದು ಪರಮಾಣುವನ್ನು ಹೊನ್ನಾವರ ಬಸ್‌ಸ್ಟ್ಯಾಂಡಿನಿಂದ ಕುಮಟಾ ಬಸ್‌ಸ್ಟ್ಯಾಂಡಿನವರೆಗೆ ಹಿಗ್ಗಿಸಿದರೆ ಅದರ ನ್ಯೂಕ್ಲಿಯಸ್ಸು ಒಂದು ಮೀಟರ್ ಅಗಲ ಇದ್ದೀತು ಅಷ್ಟೆ. ಅಂಥದ್ದನ್ನು ಅಳೆಯಲು ಹೊರಟವರು ಅದಕ್ಕೆ ಇನ್ನೂ ಸಣ್ಣದನ್ನು ಎಸೆದರು. ನೂರು ವರ್ಷಕ್ಕೂ ಹಿಂದೆ ತೆಳು ಚಿನ್ನದ ಹಾಳೆಗೆ ಆಲ್ಫಾ ಕಣಗಳನ್ನು ಬಿಟ್ಟರು. ಹೆಚ್ಚಿನವು ಸೀದಾ ದಾಟಿದವು, ಅಪರೂಪಕ್ಕೊಂದು ಬಂದ ದಾರಿಯಲ್ಲೇ ವಾಪಸು ಚಿಮ್ಮಿತು. ಆದರೆ ಎಸೆಯುವ ವಸ್ತುವಿಗೂ ಗಾತ್ರವಿದ್ದರೆ ಅದೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಮುಂದೆ ಗಾತ್ರವೇ ಇಲ್ಲವೆನ್ನಬಹುದಾದ ಎಲೆಕ್ಟ್ರಾನುಗಳನ್ನು ಮಹಾ ವೇಗದಲ್ಲಿ ಬಿಟ್ಟರು. ಯಾವ ಕೋನಕ್ಕೆ ಎಷ್ಟು ಚದುರಿದವು ಎಂದು ಎಣಿಸಿದರು. ಕೆಲವು ಕೋನಗಳಲ್ಲಿ ಎಣಿಕೆ ಥಟ್ಟನೆ ಕುಸಿಯಿತು. ಆ ಕುಸಿತ ಎಲ್ಲೆಲ್ಲಿ ಬಂತು ಎಂಬುದರಿಂದ ನ್ಯೂಕ್ಲಿಯಸ್ಸಿನ ಗಾತ್ರ ಸಿಕ್ಕಿತು. ಅದರ ಅಂಚು ಕತ್ತರಿಸಿದ ಹಾಗಿಲ್ಲ, ಮೆಲ್ಲಗೆ ತೆಳುವಾಗುತ್ತಾ ಮುಗಿಯುತ್ತದೆ ಎಂಬುದೂ ಗೊತ್ತಾಯಿತು. ಹತ್ತನೇ ಕ್ಲಾಸು ಓದಿದ ನನಗೆ ಮೇಡಂ ಇದನ್ನೆಲ್ಲ ಮರಕ್ಕೆ ಉಜ್ಜುಕಾಗದ ತಿಕ್ಕಿಸುತ್ತಲೇ ಹೇಳಿಕೊಟ್ಟರು. ಆಮೇಲೆ ಬಂದವರು ನನ್ನಿಂದ ಚಹಾ ತರಿಸಿದರು.

ಗಂಗಾ ಮೇಡಂ ಇಟ್ಟ ಬಿಲ್ಲೆ ದುಂಡಗಿನದೇ, ಆರು ಸೆಂಟಿಮೀಟರ್ ತ್ರಿಜ್ಯದ್ದೇ. ಅವರ ಕಾಲದಲ್ಲಿ ಹುಡುಗರು ಗುಂಡು ಬಿಟ್ಟು ಬಿಟ್ಟು ಸೊಂಟ ನೋಯಿಸಿಕೊಂಡು ಆರಕ್ಕೆ ತಲುಪುತ್ತಿದ್ದರು. ಅವರು ಹೋದ ಮೇಲೆ ವಿಶ್ವನಾಥ ಸರ್ ವಿಭಾಗದ ಮುಖ್ಯಸ್ಥರಾದರು. ಸೀನಿಯರುಗಳ ರೆಕಾರ್ಡ್ ಪುಸ್ತಕ ಜೂನಿಯರುಗಳ ಕೈಗೆ ಬರತೊಡಗಿದ್ದೂ ಆಗಲೇ. ಒಂದು ದಿನ ವರಾಂಡದಲ್ಲಿ ಕೂತಿದ್ದ ಹುಡುಗರನ್ನು ನೋಡಿದೆ. ಪೆಟ್ಟಿಗೆ ಇನ್ನೂ ನನ್ನ ಸ್ಟೋರ್ ರೂಮಿನಲ್ಲಿತ್ತು, ಇವರ ಪುಸ್ತಕದಲ್ಲಿ ಉತ್ತರ ಆಗಲೇ ಬಂದಿತ್ತು. ಆರು ಎಂದು ಕೊನೆಯಲ್ಲಿ ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಗುಂಡು ತಿರುಗಬೇಕಾದ ಕೋನಗಳನ್ನು ತುಂಬುತ್ತಿದ್ದರು. ನಿಜ ಎನ್ನಿಸಲೆಂದು ನಡುವೆ ಒಂದು ಕಡೆ ಐದು ಪಾಯಿಂಟ್ ಒಂಬತ್ತು, ಇನ್ನೊಂದು ಕಡೆ ಆರು ಪಾಯಿಂಟ್ ಒಂದು. ಸುಳ್ಳು ಹೇಳುವುದರಲ್ಲೂ ಎಂಥ ಅಚ್ಚುಕಟ್ಟು! ವಿಶ್ವನಾಥ ಸರ್ ಅದೇ ವರಾಂಡದಲ್ಲಿ ನಡೆದುಹೋದರು. ನೋಡಿದರು. ಏನೂ ಅನ್ನಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಸ್ಟೋರ್ ರೂಮು ಸೋರಿತು. ಪೆಟ್ಟಿಗೆ ಬಿಚ್ಚಿ ನೋಡಿದರೆ ಬಿಲ್ಲೆ ಉಬ್ಬಿ ಪದರ ಪದರವಾಗಿ ಎದ್ದಿತ್ತು. ಸರ್ ಹತ್ತಿರ ಹೋಗಿ ಹೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತದೆ, ಎಂತದೋ ಒಂದು ಕೂರಿಸು ಮಾರಾಯ, ಎಲ್ಲ ನಾನೇ ಹೇಳಬೇಕಾ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಎಂತದೋ ಒಂದಾ? ಆತು ಎಂದುಕೊಂಡೆ. ಹಲಸಿನ ಹಲಗೆಯ ತುಂಡೊಂದನ್ನು ಮೊಟ್ಟೆಯಾಕಾರಕ್ಕೆ ಕೊರೆದೆ. ಉದ್ದ ಹದಿನಾಲ್ಕು ಸೆಂಟಿಮೀಟರ್, ಅಗಲ ಒಂಬತ್ತು. ಪೆಟ್ಟಿಗೆಯ ಯಾವ ಬದಿಯಿಂದ ಅಳೆದರೂ ಆರು ಬರದ ಹಾಗೆ ಕೂರಿಸಿ ಸ್ಕ್ರೂ ಬಿಗಿದೆ. ಯಾರಾದರೊಬ್ಬರು ನಿಜವಾಗಿ ಅಳೆದಿದ್ದರೆ ಆ ದಿನವೇ ಗುಟ್ಟು ರಟ್ಟಾಗುತ್ತಿತ್ತು.

ಮೊದಲ ವರ್ಷ ಮೂವತ್ತೆರಡು ಪುಸ್ತಕಗಳಲ್ಲೂ ಆರು ಬಂತು. ನಕ್ಕೆ. ಎರಡನೇ ವರ್ಷವೂ ಬಂತು, ಆಗಲೂ ನಕ್ಕೆ. ಮೂರನೇ ವರ್ಷ ನಗು ಬರಲಿಲ್ಲ. ಗುಂಡು ಬಿಡುತ್ತಿದ್ದವರು ಇದ್ದರು, ಇಲ್ಲವೆಂದಲ್ಲ. ಐದಾರು ಬಿಡುತ್ತಿದ್ದರು. ಆರು ಸೆಂಟಿಮೀಟರಿನ ಬಿಲ್ಲೆ ಇದ್ದರೆ ತಗುಲಲೇಬೇಕಾದ ಜಾಗದಿಂದ ಗುಂಡು ಸೀದಾ ದಾಟಿಹೋಗುತ್ತಿತ್ತು. ಅವರು ಅದನ್ನು ನೋಡಿ, ಕೈತಪ್ಪು ಎಂದುಕೊಂಡು, ಪುಸ್ತಕದಲ್ಲಿದ್ದುದನ್ನೇ ಬರೆಯುತ್ತಿದ್ದರು. ಕಣ್ಣೆದುರಿನ ಗೆರೆಗಿಂತ ಹಳೇ ಪುಸ್ತಕವೇ ದೊಡ್ಡದು. ಇವರೆಲ್ಲ ಮುಂದೆ ಮೇಷ್ಟ್ರುಗಳಾಗುತ್ತಾರೆ ಎಂದು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಒಬ್ಬರಾದರೂ ಬರಲಿ, ಅಲ್ಲಿಯವರೆಗೆ ಹೇಳುವುದಿಲ್ಲ ಎಂದು ಹಟ ಹಿಡಿದಿದ್ದೆ.

ಏಳನೇ ವರ್ಷ ಹಾಗೆ ಬಂದವಳು ಚಂದನಾ. ಭಟ್ಕಳದ ಆಚೆಯ ಬೆಳಕೆಯವಳು. ಇಲ್ಲಿ ಹಾಸ್ಟೆಲಿನಲ್ಲಿದ್ದಳು. ತಾಯಿಯ ಹೆಸರು ಮಂಜಿ, ಗದ್ದೆ ಕೂಲಿಗೆ ಹೋಗುತ್ತಾಳೆ. ಮೂರು ವರ್ಷ ಓದಿಸುತ್ತೇನೆ, ನಾಲ್ಕನೆಯದು ಕೇಳಬೇಡ ಎಂದು ಮಗಳಿಗೆ ಮೊದಲೇ ಹೇಳಿದ್ದಳಂತೆ. ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕರೆ ಸ್ಕಾಲರ್‌ಶಿಪ್ಪಿನಲ್ಲಿ ಓದಬಹುದು, ಮನೆಯವರು ಏನೂ ಕೊಡಬೇಕಾಗಿಲ್ಲ. ಆದರೆ ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ಲಿನಲ್ಲಿ ಫೇಲಾದರೆ ಒಂದು ವರ್ಷ ಕಾಯಬೇಕು, ಆ ವರ್ಷ ಅವಳಿಗಿರಲಿಲ್ಲ. ಇದನ್ನು ಅವಳೇ ಒಮ್ಮೆ ವೋಲ್ಟ್‌ಮೀಟರ್ ವಾಪಸು ಕೊಡುವಾಗ ನನಗೆ ಹೇಳಿದ್ದಳು.

ಆ ವರ್ಷ ಹನ್ನೊಂದನೆಯ ಪ್ರಯೋಗದ ಕ್ಲಾಸು ನಡೆಯಲೇ ಇಲ್ಲ. ಯಾವುದೋ ಕಾರ್ಯಕ್ರಮವಿತ್ತು. ರೀಡಿಂಗುಗಳನ್ನು ಹಳೇ ಪುಸ್ತಕದಿಂದ ತುಂಬಿಕೊಳ್ಳಿ ಎಂದರು ವಿಶ್ವನಾಥ ಸರ್. ಎಲ್ಲರೂ ತುಂಬಿಕೊಂಡರು. ಚಂದನಾ ಒಬ್ಬಳೇ ಆ ಪುಟ ಖಾಲಿ ಬಿಟ್ಟಳು. ಸರ್ ಆ ಖಾಲಿ ಪುಟಕ್ಕೂ ಹಸಿರು ಸಹಿ ಹಾಕಿದರು. ನಾನು ಕಣ್ಣಾರೆ ಕಂಡದ್ದು.

ಪರೀಕ್ಷೆ ಮೇ ತಿಂಗಳಿನಲ್ಲಿ. ಬೆಳಿಗ್ಗೆ ಹದಿನಾರು ಜನ, ಮಧ್ಯಾಹ್ನ ಹದಿನಾರು ಜನ. ಯಾರಿಗೆ ಯಾವ ಪ್ರಯೋಗ ಎಂಬುದು ಚೀಟಿ ಎತ್ತಿದ ಹಾಗೆ. ಬೆಳಿಗ್ಗೆ ನನ್ನ ಪೆಟ್ಟಿಗೆಯ ಚೀಟಿ ಉಮೇಶನಿಗೆ ಬಂತು. ಅವನು ಕ್ಲಾಸಿಗೇ ಫಸ್ಟು. ಐದು ಗುಂಡು ಬಿಟ್ಟ, ಎರಡು ತಾಸು ಬರೆದ, ಆರು ಎಂದ. ನಲವತ್ತಕ್ಕೆ ನಲವತ್ತು. ಕುಮಟೆಯಿಂದ ಬಂದಿದ್ದ ಎಕ್ಸ್‌ಟರ್ನಲ್ ಪರೀಕ್ಷಕ ನಾಗಪತಿ ಸರ್ ಅವನ ಬೆನ್ನು ತಟ್ಟಿದರು. ಆಮೇಲೆ ವಿಶ್ವನಾಥ ಸರ್ ಅವರನ್ನು ಊಟಕ್ಕೆ ಕರೆದುಕೊಂಡು ಹೋಗಿ ಬಂಗುಡೆ ಸಾರು, ನಗಲಿ ಮೀನಿನ ಫ್ರೈ ತಿನ್ನಿಸಿದರು. ಎಕ್ಸ್‌ಟರ್ನಲ್ ಬಂದರೆ ಊಟ ಭರ್ಜರಿ ಇರಬೇಕು, ಅದು ನಮ್ಮ ಕಡೆಯ ಪದ್ಧತಿ. ಉಂಡವರ ಕಣ್ಣು ಎಳೆಯುತ್ತದೆ, ಪರೀಕ್ಷೆ ಸಲೀಸಾಗಿ ಮುಗಿಯುತ್ತದೆ.

ಮಧ್ಯಾಹ್ನ ಆ ಚೀಟಿ ಚಂದನಾಳ ಕೈಗೆ ಬಂತು.

ಅವಳು ಮೊದಲು ಪುಡಿಯನ್ನು ಸಮ ಮಾಡಿದಳು. ಜಾರುಬಂಡಿ ನೆಟ್ಟಗಿದೆಯೇ ಎಂದು ಸ್ಕೇಲಿಟ್ಟು ನೋಡಿದಳು. ಆಮೇಲೆ ಗುಂಡು ಬಿಡತೊಡಗಿದಳು. ಹತ್ತು, ಹದಿನೈದು, ಇಪ್ಪತ್ತು. ಅರ್ಧ ಸೆಂಟಿಮೀಟರ್ ಸರಿಸುವುದು, ಬಿಡುವುದು, ಗೆರೆಯ ಕೋನ ಅಳೆಯುವುದು. ತಿರುಗಿದ ಗುಂಡುಗಳೆಲ್ಲ ಹತ್ತು ಸೆಂಟಿಮೀಟರಿನೊಳಗೇ ಬಿದ್ದಿದ್ದವು. ಗುಂಡಿನ ಅಗಲ ಒಂದು ಕಳೆದು ಒಂಬತ್ತು ಎಂದು ಬರೆದಳು. ಪಕ್ಕದ ಮೇಜಿನವನು ಪಿಸುಮಾತಿನಲ್ಲಿ, ಆರು ಮಾರಾಯ್ತಿ, ತ್ರಿಜ್ಯ ಆರು ಎಂದ. ಅವಳು ಹೌದೆಂದು ತಲೆ ಆಡಿಸಿದಳು. ಆದರೆ ಬರೆಯಲಿಲ್ಲ. ಒಂದು ನಿಮಿಷ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಎರಡೂ ಕೈಯಿಂದ ಅದನ್ನು ಹಿಡಿದು ಕಾಲು ಸುತ್ತು ತಿರುಗಿಸಿದಳು.

ಏಳು ವರ್ಷದಲ್ಲಿ ಯಾರೂ ಅದನ್ನು ತಿರುಗಿಸಿರಲಿಲ್ಲ. ಕೂಗಿಬಿಡಬೇಕು ಎನ್ನಿಸಿತು. ಕೈಯಲ್ಲಿದ್ದ ಬೀಕರನ್ನು ಮೆಲ್ಲಗೆ ಕೆಳಗಿಟ್ಟೆ, ಬಿದ್ದುಹೋದೀತೆಂದು. ಅವಳು ಆ ಕಡೆಯಿಂದ ಮತ್ತೆ ಮೊದಲಿನಿಂದ ಶುರುಮಾಡಿದಳು. ಸಣ್ಣ ಗುಂಡು ಕೇಳಿ ಪಡೆದು ಅದರಿಂದಲೂ ಪರೀಕ್ಷಿಸಿದಳು. ಒಟ್ಟು ಅರವತ್ತನಾಲ್ಕು ಗುಂಡು. ಕೊನೆಯಲ್ಲಿ ಬರೆದಳು: ಅಡಗಿರುವ ವಸ್ತು ದುಂಡಗಿಲ್ಲ. ಉದ್ದ ಹದಿನಾಲ್ಕು, ಅಗಲ ಒಂಬತ್ತು, ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಇರಬಹುದು.

ವೈವಾದಲ್ಲಿ ನಾಗಪತಿ ಸರ್ ಅವಳ ಹಾಳೆ ನೋಡಿದರು, ವಿಶ್ವನಾಥ ಸರ್ ಕೊಟ್ಟಿದ್ದ ಉತ್ತರಗಳ ಪಟ್ಟಿ ನೋಡಿದರು, ಮತ್ತೆ ಹಾಳೆ ನೋಡಿದರು.

“ಹದಿನಾಲ್ಕು, ಒಂಬತ್ತು ಅಂತ ಬರ್ದಿದ್ಯಲ್ಲ ತಂಗಿ. ಇದೆಲ್ಲಿಂದ ಬಂತು?”

“ಗುಂಡಿಂದ ಬಂತು ಸರ್.”

ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ, ಸಂಜೆಯ ಬಸ್ಸಿನ ಮೇಲೆ ಕಣ್ಣಿಟ್ಟಿದ್ದರು ಅಷ್ಟೆ. ನ್ಯೂಕ್ಲಿಯಸ್ಸು ದುಂಡಗಿರುತ್ತದೆ ಎಂದು ಪುಸ್ತಕದಲ್ಲಿದೆಯಲ್ಲ, ಅದರ ಮಾದರಿ ಇದು, ಇದು ಹೇಗೆ ಉದ್ದ ಆದೀತು ಎಂದು ಕೇಳಿದರು. ಸೀಸದಂಥ ಕೆಲವು ದುಂಡಗಿರುತ್ತವೆ, ಯುರೇನಿಯಮ್ಮಿನದು ಉದ್ದಕ್ಕಿದೆ, ಹಾಗೆ ಎಳೆದಂತಿರುವವು ತುಂಬಾ ಇವೆ, ಅಳೆದವರಿಗೆ ಹಾಗೆ ಕಂಡದ್ದರಿಂದ ಹಾಗೆ ಬರೆದರು ಎಂದಳು ಚಂದನಾ. ವಿಶ್ವನಾಥ ಸರ್ ನಡುವೆ ಬಾಯಿ ಹಾಕಿ, ಪೆಟ್ಟಿಗೆಯನ್ನು ಗುರುತು ಹಾಕಿದ ಜಾಗದಿಂದ ಕದಲಿಸಿದ್ದು ಯಾಕೆ, ಕುಚ್ಚು ಸರಿಸಿ ಇಣುಕಿದೆಯಾ ಎಂದು ಗದರಿದರು. ಇಣುಕಿದ್ದರೆ ಅರವತ್ತನಾಲ್ಕು ಸಲ ಗುಂಡು ಬಿಡುವ ಕೆಲಸ ಏನಿತ್ತು ಎಂದು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ನಾಗಪತಿ ಸರ್ ಪೆನ್ನನ್ನು ಅವಳ ಕಡೆ ಚಾಚಿದರು. “ಇದನ್ನ ಹೊಡ್ದಾಕಿ ಆರು ಅಂತ ಬರಿ. ನಲವತ್ತಕ್ಕೆ ನಲವತ್ತು ಕೊಡ್ತೆ. ಒಳ್ಳೇ ಹುಡುಗಿ ಹಾಗೆ ಕಾಣ್ತಿ, ವರ್ಷ ಹಾಳು ಮಾಡ್ಕೊಳ್ಬೇಡ.”

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. “ಅರವತ್ನಾಲ್ಕು ಗುಂಡು ಬಿಟ್ಟಿದ್ದೆ ಸರ್. ಒಂದೂ ಆರು ಅಂತ ಹೇಳ್ಲಿಲ್ಲ.”

ಆಗ ವಿಶ್ವನಾಥ ಸರ್ ನನ್ನನ್ನು ಕರೆದರು. ಇದರೊಳಗೆ ಎಂತ ಉಂಟು, ಎಕ್ಸ್‌ಟರ್ನಲ್ ಅವರಿಗೆ ಹೇಳು ಎಂದರು. ಇಷ್ಟು ವರ್ಷ ಯಾವ ಗಳಿಗೆಗೆಂದು ಕಾದಿದ್ದೆನೋ ಅದೇ ಗಳಿಗೆ. ಚಂದನಾ ನನ್ನ ಮುಖ ನೋಡುತ್ತಿದ್ದಳು. ನನಗೆ ನನ್ನ ಪಿಂಚಣಿ ಕಂಡಿತು. ಕಾಲೇಜಿನ ಸಾಮಾನನ್ನು ಬೇಕೆಂದೇ ಬದಲಿಸಿದವನು ಎಂಬ ಮೆಮೋ ಕಂಡಿತು. “ಗೊತ್ತಿಲ್ಲ ಸರ್. ಮೊದ್ಲಿಂದ ಇದ್ದದ್ದೇ ಇರ್ಬೇಕು” ಎಂದೆ.

ಹತ್ತು ನಿಮಿಷ ಯೋಚಿಸಿ ನೋಡು ಎಂದರು ನಾಗಪತಿ ಸರ್ ಅವಳಿಗೆ. ಆಮೇಲೂ ತಿದ್ದದಿದ್ದರೆ ಸೊನ್ನೆ, ಪೆಟ್ಟಿಗೆ ಕದಲಿಸಿದ್ದಕ್ಕೆ ಬೇರೆ ವರದಿ.

ನಾನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಥೂ ನಿನ್ನ ಜನ್ಮಕ್ಕೆ ಎಂದು ನನಗೆ ನಾನೇ ಉಗಿದುಕೊಂಡೆ. ಏಳು ವರ್ಷ ವಿಶ್ವನಾಥ ಸರ್ ಅವರನ್ನು ಮನಸ್ಸಿನಲ್ಲೇ ಹಿಗ್ಗಾಮುಗ್ಗಾ ಬೈದಿದ್ದೇನೆ, ಹುಡುಗರನ್ನು ಕಳ್ಳರೆಂದಿದ್ದೇನೆ. ಕಳ್ಳರನ್ನು ಹಿಡಿಯಲೆಂದೇ ಬಲೆ ಒಡ್ಡಿದ್ದೆ. ಕಳ್ಳರೆಲ್ಲ ಪಾಸಾಗಿ ಸರ್ಟಿಫಿಕೇಟು ಹಿಡಿದುಕೊಂಡು ಹೋದರು. ಸಿಕ್ಕಿಬಿದ್ದದ್ದು ನಿಜ ಹೇಳಿದವಳು ಒಬ್ಬಳೇ. ಆ ಬಲೆ ಹೆಣೆದವನು ಬಾಗಿಲು ಹಾಕಿಕೊಂಡು ಒಳಗೆ ನಿಂತಿದ್ದಾನೆ. ಗೋಡೆಗೊಂದು ಗುದ್ದಿದೆ, ಕೈ ನೋಯಿತು. ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಬಂದೆ.

ಎಲ್ಲವನ್ನೂ ಹೇಳಿದೆ. ಸೋರಿದ್ದು, ಎಂತದೋ ಒಂದು ಕೂರಿಸು ಎಂದದ್ದು, ಹಲಸಿನ ತುಂಡು, ಹದಿನಾಲ್ಕು, ಒಂಬತ್ತು, ಇನ್ನೂರು ಪುಸ್ತಕ, ಹಸಿರು ಸಹಿ. ಹೇಳುತ್ತಾ ಹೇಳುತ್ತಾ ದನಿ ಏರಿತು, ಏರಲಿ ಎಂದುಕೊಂಡೆ. ವಿಶ್ವನಾಥ ಸರ್ ಮುಖ ಕೆಂಪಾಯಿತು, ಆದರೆ ತಲೆ ಕೆಡಲಿಲ್ಲ. ಅವರು ನಾಗಪತಿ ಸರ್ ಕಡೆ ತಿರುಗಿ, ಮೆತ್ತಗೆ, ಒಂದೇ ಮಾತು ಹೇಳಿದರು.

“ನೋಡಿ, ಈಗ ಗೊತ್ತಾತು. ಉತ್ತರ ಇವನೇ ಹೇಳ್ಕೊಟ್ಟದ್ದು ಅವ್ಳಿಗೆ.”

ನಾಗಪತಿ ಸರ್ ಚಂದನಾಳನ್ನು ನೋಡಿದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಅವಳು ಹಟಮಾರಿ ಹುಡುಗಿ ಆಗಿದ್ದಳು, ಈಗ ಕಳ್ಳಿಯಾದಳು. ಹತ್ತು ನಿಮಿಷ ಮೊದಲು ಹೇಳಿದ್ದರೆ ಸಾಕ್ಷಿಯಾಗುತ್ತಿದ್ದ ಮಾತು, ಗೊತ್ತಿಲ್ಲ ಎಂದು ಬೊಗಳಿ ಆದ ಮೇಲೆ ಹೇಳಿದ್ದಕ್ಕೆ ಅವಳ ಕುತ್ತಿಗೆಗೆ ಉರುಳಾಗಿತ್ತು. ನಾನು ಕುರುಡನ ಹಾಗೆ ಪೆಟ್ಟಿಗೆಯ ಕಡೆ ನುಗ್ಗಿದೆ, ಬಿಚ್ಚಿ ತೋರಿಸುತ್ತೇನೆ ಎಂದು. ಚಂದನಾ ಅಡ್ಡ ನಿಂತಳು.

“ತೆಗ್ದು ತೋರ್ಸಿದ್ರೆ ನೀವು ಹೇಳ್ಕೊಟ್ಟದ್ದು ಅನ್ನೂದೇ ಗಟ್ಟಿ ಆಗ್ತದೆ. ಬಿಡಿ.” ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ನಾಗಪತಿ ಸರ್ ಕಡೆ ತಿರುಗಿದಳು. “ನಮ್ಮನ್ನೆಲ್ಲ ಹೊರಗೆ ಕಳ್ಸಿ ಸರ್. ನಿಮ್ಗೆ ಬೇಕಾದ್ದು ಒಳಗೆ ಇಡಿ. ಎಂತ ಇಟ್ಟದ್ದು ಅಂತ ನಾ ಹೇಳ್ತೆ.”

ನಿಯಮದಲ್ಲಿ ಹಾಗೆ ಅವಕಾಶವಿಲ್ಲ ಎಂದರು ವಿಶ್ವನಾಥ ಸರ್. ನಾಗಪತಿ ಸರ್ ಗಡಿಯಾರ ನೋಡಿಕೊಂಡರು. ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಅವರು ಅಂಗಿಯ ತೋಳು ಮಡಚಿ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡರು. ಎಲ್ಲರೂ ಹೊರಗೆ ಎಂದರು. ವಿಶ್ವನಾಥ ಸರ್ ಒಳಗೇ ನಿಲ್ಲಲು ನೋಡಿದರು. ನೀವೂ ಕೂಡ ಎಂದು ಅವರನ್ನೂ ಕಳಿಸಿ ಬಾಗಿಲು ಹಾಕಿಕೊಂಡರು.

ವರಾಂಡದಲ್ಲಿ ಉಮೇಶ ಗೆಳೆಯರಿಗಾಗಿ ಕಾಯುತ್ತಾ ಕೂತಿದ್ದ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಬಂದ ನಾಗಪತಿ ಸರ್ ಮೊದಲು ಕರೆದದ್ದು ಅವನನ್ನು. ಬೆಳಿಗ್ಗೆಯ ಪ್ರಯೋಗವನ್ನೇ ಇನ್ನೊಮ್ಮೆ ಬೇಗ ಮಾಡಿ ತೋರಿಸು ಎಂದರು. ನಾವೆಲ್ಲ ಗೋಡೆಗೆ ಒರಗಿ ನಿಂತೆವು. ಉಮೇಶ ನಾಲ್ಕು ಗುಂಡು ಬಿಟ್ಟ. ನಾಲ್ಕೂ ಸೀದಾ ಆಚೆ ಹೋದವು. ಅವನು ವಿಶ್ವನಾಥ ಸರ್ ಮುಖ ನೋಡಿದ, ಅವರು ಕಿಟಕಿಯ ಕಡೆ ತಿರುಗಿದ್ದರು. ಆಮೇಲೆ ಅವನು ಬೆನ್ನು ಬಗ್ಗಿಸಿ ಬರೆಯತೊಡಗಿದ. ಬರೆದು ಮುಗಿಸಿದ ಹಾಳೆಯನ್ನು ನಾಗಪತಿ ಸರ್ ಯಾರಿಗೂ ತೋರಿಸದೆ ಮಡಚಿ ಕಿಸೆಗೆ ಹಾಕಿದರು.

ಆಮೇಲೆ ಚಂದನಾ. ಪುಡಿ ಸಮ ಮಾಡಿದಳು, ಗುಂಡು ಬಿಟ್ಟಳು. ಸೀದಾ. ಅರ್ಧ ಸೆಂಟಿಮೀಟರ್ ಸರಿಸಿದಳು. ಸೀದಾ. ಒಂದು ಬದಿಯಿಂದ ಇನ್ನೊಂದು ಬದಿಯವರೆಗೂ ಸೀದಾ. ಪೆಟ್ಟಿಗೆ ತಿರುಗಿಸಿ ಮತ್ತೆ ಮೊದಲಿನಿಂದ ಬಿಟ್ಟಳು. ಓರೆಯಾಗಿಯೂ ಬಿಟ್ಟಳು. ಕುಮಟೆಯ ಬಸ್ಸು ಹೋಯಿತು, ಅದರ ಮುಂದಿನದೂ ಹೋಯಿತು. ನಾಗಪತಿ ಸರ್ ಕುರ್ಚಿ ಎಳೆದುಕೊಂಡು ಅವಳ ಕೈಯನ್ನೇ ನೋಡುತ್ತಾ ಕೂತಿದ್ದರು. ಏನಾದರೂ ಒಂದು ಹೇಳಬೇಕಿತ್ತು ಅವಳು, ಇಡೀ ವರ್ಷ ಅದರ ಮೇಲೆ ನಿಂತಿತ್ತು. ಕೊನೆಗೆ ಗುಂಡನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು.

“ಎಂತದೂ ಇಲ್ಲ ಸರ್ ಇದ್ರೊಳಗೆ. ಗುಂಡು ಹತ್ತಿ ದಾಟೂವಷ್ಟು ತೆಳ್ಳಗಿನದು ಎಂತಾದ್ರೂ ತಳಕ್ಕೆ ಅಂಟ್ಸಿದ್ರೆ ಅದು ನಂಗೆ ಗೊತ್ತಾಗೂದಿಲ್ಲ.”

ನಾಗಪತಿ ಸರ್ ತಮ್ಮ ಚೀಲದಿಂದ ನನ್ನ ಹಲಸಿನ ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಸ್ಕೇಲು ಹಿಡಿದು ಅಳೆದರು. ಹದಿನಾಲ್ಕು, ಒಂಬತ್ತು. ಅದರ ಪಕ್ಕದಲ್ಲಿ ಉಮೇಶನ ಹಾಳೆಯನ್ನು ಬಿಡಿಸಿ ಹರಡಿದರು. ಖಾಲಿ ಪೆಟ್ಟಿಗೆಯೊಳಗೆ ಉಮೇಶನಿಗೆ ದುಂಡಗಿನ ಬಿಲ್ಲೆ ಸಿಕ್ಕಿತ್ತು. ತ್ರಿಜ್ಯ ಐದು ಪಾಯಿಂಟ್ ಒಂಬತ್ತು ಸೆಂಟಿಮೀಟರ್.

ಉಮೇಶ ಅಳತೊಡಗಿದ. ಎಲ್ಲರೂ ಹಾಗೇ ಬರೆಯುವುದಲ್ಲವಾ ಸರ್, ನಾನೊಬ್ಬನೇನಾ ಎಂದ. ಅವನು ಕೇಳಿದ್ದು ವಿಶ್ವನಾಥ ಸರ್ ಅವರನ್ನು. ನಾಗಪತಿ ಸರ್ ಚಂದನಾಳ ಹೆಸರಿನ ಮುಂದೆ ನಲವತ್ತು ಎಂದು ಬರೆದರು. ಉಮೇಶನ ಹೆಸರಿನ ಮುಂದೆ ಬೆಳಿಗ್ಗೆ ತಾವೇ ಬರೆದಿದ್ದ ನಲವತ್ತನ್ನು ಬಹಳ ಹೊತ್ತು ನೋಡಿದರು. ಇದಕ್ಕೆ ಏನು ಮಾಡುವುದು, ನೀವೇ ಹೇಳಿ ಎಂದು ಪಟ್ಟಿಯನ್ನು ವಿಶ್ವನಾಥ ಸರ್ ಮುಂದೆ ತಳ್ಳಿದರು. ಹಸಿರು ಪೆನ್ನು ಕಿಸೆಯಲ್ಲೇ ಇತ್ತು, ಅವರು ಅದನ್ನು ಹೊರಗೆ ತೆಗೆಯಲಿಲ್ಲ.

ನನಗೆ ಎದೆ ಉಬ್ಬಿತ್ತು, ಯಾಕೆ ಸುಳ್ಳು ಹೇಳಲಿ. ಮೆಮೋ ಬರುವುದು ಖಂಡಿತ, ಬರಲಿ. ಏಳು ವರ್ಷದ ಸಿಟ್ಟು ಒಂದೇ ಸಂಜೆ ತೀರಿತ್ತು. ಹೊರಗೆ ಚಂದನಾ ನಲ್ಲಿಯ ಹತ್ತಿರ ಕೈಯ ರಂಗೋಲಿ ಪುಡಿ ತೊಳೆಯುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ. ನೋಡಿದೆಯಾ ಮಗಾ, ಎಲ್ಲರ ಬಂಡವಾಳ ಬಯಲಾಯಿತು, ಇಷ್ಟು ವರ್ಷ ಈ ದಿನಕ್ಕೇ ಕಾದಿದ್ದೆ ಎಂದೆ. ಅವಳು ನಲ್ಲಿ ನಿಲ್ಲಿಸಿದಳು. ತಿರುಗಿ ನನ್ನನ್ನು ನೋಡಿದ ಆ ಕಣ್ಣುಗಳಲ್ಲಿ ಇದ್ದ ಸಿಟ್ಟು ನನ್ನ ಸಿಟ್ಟಿನಂಥದ್ದಲ್ಲ.

“ಒಳಗಿನದು ಆರು ಅಲ್ಲ ಅಂತ ಉಮೇಶಂಗೆ ಗೊತ್ತಿರ್ಲಿಲ್ಲ ಮಾಬ್ಲಣ್ಣ. ವಿಶ್ವನಾಥ ಸರ್‌ಗೂ ಗೊತ್ತಿರ್ಲಿಲ್ಲ. ನಿಮ್ಗೆ ಗೊತ್ತಿತ್ತು.”